ಬಸ್ತ್ಯಾಂವನ ಗೊರಗೊರ

ಚುಕ್ಕೆ, ಕಲೆ ಕಂಡರೆ ನನಗೆ ಮೈ ಉರಿಯುತ್ತದೆ. ಇದು ಹುಟ್ಟುಗುಣವೋ, ದಾಂಡೇಲಿಯ ಕಾಗದದ ಕಾರ್ಖಾನೆ ಹಚ್ಚಿದ ಚಟವೋ ಹೇಳಲಾರೆ. ದಿನಕ್ಕೆ ಎಂಟು ತಾಸು ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿ, ಚುಕ್ಕೆ ಇದ್ದದ್ದನ್ನು ಪಕ್ಕಕ್ಕೆ ಒಗೆಯುವುದೇ ನನ್ನ ನೌಕರಿ. ಮನೆಗೆ ಬಂದರೂ ಕೈ ಸುಮ್ಮನಿರುವುದಿಲ್ಲ. ಒಮ್ಮೆ ಹೆಂಡತಿ ಬಡಿಸಿದ ರೊಟ್ಟಿಯನ್ನು ಹಾಗೆಯೇ ಕಿಟಕಿಗೆ ಹಿಡಿದುಬಿಟ್ಟೆ. "ಅದನ್ನೂ ರಿಜೆಕ್ಟ್ ಮಾಡ್ರಿ, ಉಪವಾಸ ಏಳ್ರಿ" ಎಂದು ಆಕೆ ತಾಟನ್ನೇ ಎತ್ತಿಕೊಂಡು ಹೋದಳು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ರೊಟ್ಟಿಯಲ್ಲಿ ಕರಿ ಚುಕ್ಕೆ ಇದ್ದದ್ದಂತೂ ನಿಜ.

ಇಂಥವನನ್ನು ಕಾಲೊನಿಯ ಕ್ಲಬ್ಬಿನವರು ಸಂಗೀತ ವಿಭಾಗದ ಕಾರ್ಯದರ್ಶಿ ಮಾಡಿದರು. ಕ್ಲಬ್ಬಿಗೆ ಆಗಷ್ಟೇ ಸ್ಪೂಲಿನ ಟೇಪ್ ರೆಕಾರ್ಡರ್ ಬಂದಿತ್ತು. ಅದನ್ನು ನನ್ನ ಹೊರತು ಯಾರೂ ಮುಟ್ಟಕೂಡದೆಂದು ನಾನೇ ನಿಯಮ ಮಾಡಿ, ನಾನೇ ಗೋಡೆಗೆ ಅಂಟಿಸಿದೆ. ಅಷ್ಟರಲ್ಲಿ ಸ್ನೇಹ ಸಮ್ಮೇಳನದ ದಿನ ಬೇಸ್ ಗಿಟಾರ್ ಬಾರಿಸಬೇಕಿದ್ದ ಬಸ್ತ್ಯಾಂವನಿಗೆ ಅದೇ ದಿನ ಎರಡನೇ ಪಾಳಿ ಬಿತ್ತು. ಬಸ್ತ್ಯಾಂವ ಹಳಿಯಾಳದ ಆಚೆಯ ಸಿದ್ದಿಯರ ಹಳ್ಳಿಯವನು. ಕಾರ್ಖಾನೆಯ ಬಿದಿರಿನ ಯಾರ್ಡಿನಲ್ಲಿ ಕೆಲಸ. ಗೋವೆಯ ಬ್ಯಾಂಡಿನವರಿಂದ ಹಳೆಯ ಬೇಸ್ ಗಿಟಾರೊಂದನ್ನು ತಂದು, ಅದರ ನಾಲ್ಕು ದಪ್ಪ ತಂತಿಗಳ ಮೇಲೆ ತಾನೇ ಕೈ ಪಳಗಿಸಿಕೊಂಡಿದ್ದ. ಮಗ ಬಾರಿಸುವುದನ್ನು ಒಮ್ಮೆಯೂ ಕೇಳದಿದ್ದ ತಾಯಿ, ಅದಕ್ಕೆಂದೇ ಬಸ್ಸು ಹಿಡಿದು ಬರುವವಳಿದ್ದಳು. ಪಾಳಿ ಬದಲಾಯಿಸಲು ಮೇಸ್ತ್ರಿ ಒಪ್ಪಲಿಲ್ಲ.

"ಟೇಪಿನ್ಯಾಗರ ಹಿಡೀರಿ ಸಾಹೇಬ್ರ. ನಮ್ಮವ್ವ ಅಷ್ಟು ದೂರದಿಂದ ಬಂದು ಸುಮ್ನ ಹೊಳ್ಳಿ ಹೋಗಬಾರದು" ಎಂದು ನನ್ನೆದುರು ಬಂದು ನಿಂತ.

ಭಾನುವಾರ ಬೆಳಿಗ್ಗೆ ಹಾರ್ಮೋನಿಯಂ ಪೇಟಿ, ತಬಲಾದವರನ್ನೂ ಕರೆದು ಕ್ಲಬ್ಬಿನ ಕೋಣೆಯಲ್ಲಿ ಕೂಡಿದೆವು. ಬಸ್ತ್ಯಾಂವ ಗಿಟಾರಿನ ವಾಯರನ್ನು ಆಂಪ್ಲಿಫೈಯರಿನ ಮೈಕಿನ ತೂತಿಗೆ ಚುಚ್ಚಿದ. ದನಿ ಒಳಗೆ ಹೋಗುವ ಮೊದಲ ಗುಂಡಿಯನ್ನು ಪೂರ್ತಿ ತಿರುಗಿಸಿ, ಹೊರಗೆ ಬರುವ ಕೊನೆಯ ಗುಂಡಿಯನ್ನು ಇಳಿಸಿದ. ದನಿ ಜೋರಾಗಲಿಲ್ಲ, ಒಳಗೇ ಇಕ್ಕಟ್ಟಾಗಿ, ಒಡೆದು, ಗೊರಗೊರ ಎನ್ನುತ್ತ ಹೊರಬಂತು. ನನ್ನ ನೆತ್ತಿಗೆ ರಕ್ತ ಏರಿತು. ಟೇಪ್ ತಿರುಗುತ್ತಿದೆ, ಮೈಕಿನ ಪಕ್ಕದಲ್ಲೇ ಕೂತಿದ್ದೇನೆ ಎಂಬುದನ್ನೂ ಮರೆತು ಕಿರುಚಿದೆ: "ನಿಲ್ಲಸೋ! ಇದೇನು ವಾದ್ಯೇನೋ, ಬಿದಿರು ಕಡಿಯೂ ಮಶೀನೇನೋ? ಕಿವಿ ಹರದು ಹೋದ್ವು!" ಪುಣ್ಯಾತ್ಮ ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಬಾರಿಸಿಯೇ ಬಿಟ್ಟ.

"ಸಮ್ಮೇಳನಕ್ಕ ಬಯಲಾಗ ಹಾಕೋದು ತಗಡಿನ ಭೋಂಗಾ ಸ್ಪೀಕರ್ ಅಲ್ರೀ? ಅದರಾಗ ದಪ್ಪ ದನಿ ಬರಂಗಿಲ್ರಿ" ಎಂದ ತಾಳ್ಮೆಯಿಂದ. "ಹಿಂಗ ಸ್ವಲ್ಪ ಒಡದ್ರ ಮಂದಿಗೆ ಕೇಳಸ್ತೈತಿ."

"ನನಗ ಕಲಸ್ತೀಯೇನು?" ಎಂದೆ. ಆ ಸ್ಪೂಲಿನ ಡಬ್ಬಿಯ ಮೇಲೆ ಕೆಂಪು ಪೆನ್ಸಿಲ್ಲಿನಿಂದ 'ರಿಜೆಕ್ಟ್' ಎಂದು ಬರೆದು ಕಪಾಟಿಗೆ ತುರುಕಿದೆ. ಹೊಸ ಸ್ಪೂಲು ಹಾಕಿ, ಎರಡನೇ ಸಲ ಬಾರಿಸುವಾಗ ಮೊದಲ ಗುಂಡಿಯನ್ನು ಇಳಿಸಿ, ಅದರ ಮೇಲೆ ನನ್ನ ಕೈಯನ್ನೇ ಇಟ್ಟುಕೊಂಡು ಕೂತೆ. ಕ್ಲಬ್ಬಿನ ದೊಡ್ಡ ಮರದ ಪೆಟ್ಟಿಗೆಯ ಸ್ಪೀಕರಿನಲ್ಲಿ ಹಾಕಿ ಕೇಳಿದರೆ, ಆಹಾ, ಗುಂಡಗೆ, ತುಂಬಿದ ದನಿ. ಒಂದೇ ಒಂದು ಚುಕ್ಕೆ ಇಲ್ಲ. ಬಸ್ತ್ಯಾಂವ ಗಿಟಾರನ್ನು ಹೆಗಲಿಗೆ ಹಾಕಿಕೊಂಡು ಹೋದ. ಅವನು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದದ್ದಕ್ಕೂ ನನಗೆ ಸಿಟ್ಟು ಬಂತು.

ಸಮ್ಮೇಳನದ ದಿನ ಆ ತಾಯಿ ಜಮಖಾನೆಯ ಮುಂದಿನ ಸಾಲಿನಲ್ಲೇ, ಕೈಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಟೇಪ್ ಹಾಕಿದೆ. ಕಂಬಕ್ಕೆ ಕಟ್ಟಿದ ಭೋಂಗಾದಿಂದ ಪೇಟಿ ಬಂತು, ತಬಲಾ ಬಂತು. ಬೇಸ್ ಗಿಟಾರ್ ಇಲ್ಲ! ಸ್ಪೀಕರಿನವನನ್ನು ಬೈದೆ. ವಾಯರನ್ನು ಬೈದೆ. ಕರೆಂಟನ್ನು ಬೈದೆ. ಕಂಬವನ್ನೂ ಒಮ್ಮೆ ಗುದ್ದಿದೆ, ಕೈ ನೊಂದಿತು. ಟೇಪ್ ಮುಗಿಯಿತು. ಆಕೆ ಎದ್ದು ನನ್ನ ಹತ್ತಿರ ಬಂದಳು.

"ಪೇಟಿ ಕೇಳ್ತು, ತಬಲಾನೂ ಕೇಳ್ತು ಸಾಹೇಬ್ರ. ನನ್ನ ಮಗಾ ಯಾವಾಗ ಬಾರಸ್ತಾನ್ರಿ?"

ಬೈಯಲು ಇನ್ನು ಯಾರೂ ಉಳಿದಿರಲಿಲ್ಲ, ನಾನೊಬ್ಬನನ್ನು ಬಿಟ್ಟು. ನನ್ನ ಮೇಲೆ ನನಗೆ ಬಂದಷ್ಟು ಸಿಟ್ಟು ಆವರೆಗೆ ಯಾರ ಮೇಲೂ ಬಂದಿರಲಿಲ್ಲ. "ಈಗ ಬಾರಸ್ತಾನವ್ವಾ, ಕೂಡ್ರಿ" ಎಂದವನೇ ಪಂಚೆ ಎತ್ತಿ ಕಟ್ಟಿ ಕ್ಲಬ್ಬಿಗೆ ಓಡಿದೆ. ಏದುಸಿರು ಬಿಡುತ್ತ ಬಂದು, ಕೆಂಪು ಅಕ್ಷರದ ಡಬ್ಬಿಯೊಳಗಿನ ಸ್ಪೂಲನ್ನು ಯಂತ್ರಕ್ಕೆ ಏರಿಸಿದೆ.

ಗೊರಗೊರ ಎನ್ನುತ್ತ ಬಂದ ನೋಡಿ ಬಸ್ತ್ಯಾಂವ! ಬಯಲಿನ ಕೊನೆಯಲ್ಲಿ ಶೇಂಗಾ ತಿನ್ನುತ್ತಿದ್ದವರೂ ಇತ್ತ ತಿರುಗಿದರು. ಒಂದೊಂದು ಸ್ವರವೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ಆ ತಾಯಿ ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಅಳುತ್ತ, ನಗುತ್ತ ಕೂತಿದ್ದಳು. ನಾನೂ ತಲೆದೂಗತೊಡಗಿದೆ. ಆಗಲೇ ಭೋಂಗಾ ಸಿಡಿದಂತೆ ಇನ್ನೊಂದು ದನಿ ಹೊರಬಿತ್ತು: "ನಿಲ್ಲಸೋ! ಇದೇನು ವಾದ್ಯೇನೋ..." ಕಾಲೊನಿಗೆ ಕಾಲೊನಿಯೇ ಗೊಳ್ಳೆಂದಿತು. ಎಲ್ಲರಿಗಿಂತ ಮೊದಲು ನಕ್ಕವಳು ನನ್ನ ಹೆಂಡತಿ.

ಮುಗಿದ ಮೇಲೆ ತಾಯಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಭೋಂಗಾದಲ್ಲಿ ಒಡೆದು ಚೂರಾಗಿದ್ದ ಆ ಕಿರುಚಾಟ ಯಾರದೆಂದು ಆಕೆಗೆ ಗುರುತು ಸಿಕ್ಕಿರಲಿಲ್ಲ.

"ಮಗಾ ಭಾಳ ಛಲೋ ಬಾರಸ್ಯಾನ್ರಿ ಸಾಹೇಬ್ರ. ಆದರ ನಡುವ ಯಾರೋ ಗೊರಗೊರ ಅಂದು ಕೆಡಸ್ಯಾರ ನೋಡ್ರಿ. ಅದೊಂದು ತಗದು ಒಗೀರಿ."

"ಒಗೀತೇನವ್ವಾ" ಎಂದೆ. ಯಾರೆಂದು ಮಾತ್ರ ಹೇಳಲಿಲ್ಲ.