ಹೊಟ್ಟೆ ಬಿಟ್ಟು ಸ್ಟೀರಿಂಗ್ ಕರಗಿಸಿದ್ದು

ನಮ್ಮ ಜೀಪಿಗೆ ನಾವು ಏನಾದರೂ ಮಾಡಲು ಹೋದರೆ, ಅದಕ್ಕಿಂತ ಮೊದಲು ಅದು ನಮಗೆ ಏನಾದರೂ ಮಾಡಿಬಿಡುತ್ತದೆ. ಇದು ಇವತ್ತು ನಿನ್ನೆಯದಲ್ಲ. ಅಪ್ಪ ಕೊಂಡ ಹಳೆಯ ಗಾಡಿ. ಮಳೆಗಾಲದ ಎರೆಮಣ್ಣಿನಲ್ಲೂ ಮುಗದ ಊರಿನ ನಮ್ಮ ಹೊಲ ಮುಟ್ಟಿಸುತ್ತದೆ. ಆದರೆ ಧಾರವಾಡದ ನಮ್ಮ ಓಣಿಯವರನ್ನು ನಗಿಸದೆ ಒಂದು ತಿಂಗಳೂ ಕಳೆಯುವುದಿಲ್ಲ. ಈ ಸಲದ ನಗುವಿಗೆ ಕಾರಣ ನಾನು ಹಾಕಿಸಿದ ಸಣ್ಣ ಸ್ಟೀರಿಂಗ್.

ಅಂಗಡಿಯಲ್ಲಿ

ನಮ್ಮ ಬೀಜ-ಗೊಬ್ಬರದ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಕೂತು, ಸಂಜೆಯ ಗಿರ್ಮಿಟ್ಟು-ಮಿರ್ಚಿಗೆ ಬೇಡ ಅನ್ನಲಾಗದೆ, ನನ್ನ ಹೊಟ್ಟೆ ನನಗಿಂತ ಮುಂದೆ ನಡೆಯತೊಡಗಿದೆ. ಜೀಪಿನ ಸ್ಟೀರಿಂಗೋ ರೊಟ್ಟಿ ಹಂಚಿಗಿಂತ ದೊಡ್ಡದು. ಪ್ರತಿ ತಿರುವಿನಲ್ಲೂ ಅಂಗಿಯ ಗುಂಡಿ ಸಿಕ್ಕಿಕೊಳ್ಳುತ್ತಿತ್ತು.

"ಹೊಟ್ಟಿ ಇಳಸ್ರಿ" ಅಂದಳು ಹೆಂಡತಿ.

"ಅದು ಲಗೂ ಆಗೂ ಕೆಲಸಲ್ಲ. ಸ್ಟೀರಿಂಗ್ ಇಳಸೂದು ಸಸಾರ ಐತಿ" ಅಂದೆ.

ಹುಬ್ಬಳ್ಳಿಗೆ ಹೋಗಿ ದುರ್ಗದಬೈಲ್ ಹತ್ತಿರ ಗಾಡಿ ಸಾಮಾನಿನ ಅಂಗಡಿ ಹುಡುಕಿದೆ. ಅಂಗಡಿಯವನು ಒಂದು ಸಣ್ಣ ಸ್ಟೀರಿಂಗ್ ತೋರಿಸಿದ. ಅದರ ಕೆಳಭಾಗ ದುಂಡಗಿಲ್ಲ, ಚಪ್ಪಟೆ. "ಇದು ನಿಮ್ಮಂಥಾವ್ರ ಸಲುವಾಗಿನ ಮಾಡಿದ್ದು ನೋಡ್ರಿ ಸರ" ಅಂದ. ಎಲ್ಲಿ ನೋಡಿ ಹೇಳಿದ ಅನ್ನುವುದು ನನಗೆ ತಿಳಿಯಿತು. ಚಪ್ಪಲಿಯಂತೆ ಇದನ್ನೂ ಹಾಕಿ ನೋಡಿಯೇ ಕೊಳ್ಳಬೇಕೆಂದು ಅಂಗಡಿಯ ಮುಂದೆ ಸ್ಟೂಲ್ ಇಟ್ಟು ಕೂರಿಸಿ, ಕೈಗೆ ಸ್ಟೀರಿಂಗ್ ಕೊಟ್ಟ. ನಾನು ಕಣ್ಣು ಅರೆಮುಚ್ಚಿ ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಹೊಟ್ಟೆಗೆ ಎಲ್ಲೂ ತಾಗಲಿಲ್ಲ. ಖುಷಿಯಾಗಿ ಬಾಯಲ್ಲಿ ಸಣ್ಣಗೆ ಗೇರ್ ಬದಲಿಸಿದ ಸದ್ದೂ ಮಾಡಿದೆ ಅಂತ ಕಾಣುತ್ತದೆ. ಕಣ್ಣು ಬಿಟ್ಟರೆ ಕೈಚೀಲ ಹಿಡಿದ ಒಬ್ಬ ಹಿರಿಯರು ಎದುರಿಗೆ ನಿಂತಿದ್ದರು.

"ಯಜಮಾನ್ರ, ಧಾರವಾಡಕ್ಕ ಹೊಂಟೀರೇನ್ರಿ? ಒಬ್ಬಂಗ ಜಾಗಾ ಐತೇನು?"

ಅಪ್ಪನ ತಕರಾರು

ಅಪ್ಪನ ಕಣ್ಣು ಮಂದವಾದ ಮೇಲೆ ಅವನ ಕೈಯಿಂದ ಗಾಡಿ ಬಿಡಿಸಿದವನು ನಾನೇ. ಅಂದಿನಿಂದ ಪ್ರತಿ ಸೋಮವಾರ ಹೊಲಕ್ಕೆ ಹೋಗುವಾಗ ನಾನು ಓಡಿಸುತ್ತೇನೆ, ಅವನು ಎಡಗಡೆ ಕೂರುತ್ತಾನೆ. ಓಡಿಸುತ್ತೇನೆ ಅನ್ನುವುದು ಹೆಸರಿಗೆ. ಅವನ ಬಲಗೈ ಸದಾ ಸ್ಟೀರಿಂಗಿನ ಅಂಚಿನ ಮೇಲಿರುತ್ತದೆ. ನಾನು ಎಡಕ್ಕೆ ತಿರುಗಿಸಿದರೆ ಅವನು ಇನ್ನಷ್ಟು ಎಡಕ್ಕೆ ತಿರುಗಿಸುತ್ತಾನೆ.

ಹೊಸ ಸ್ಟೀರಿಂಗ್ ನೋಡಿ ಅವನ ಮುಖ ಗಂಟಾಯಿತು.

"ಇದು ನನ್ನ ಕೈಗೆ ಹ್ಯಾಂಗ ಎಟಕಬೇಕೋ?"

"ಎಟಕೂದು ಯಾಕ ಬೇಕಪಾ? ಗಾಡಿ ಹೊಡಿಯಾಂವ ನಾನು."

"ಹಂಗಂತ ನೀ ತಿಳ್ಕೊಂಡಿ" ಅಂದ. ಆಮೇಲೆ ಶಲ್ಯ ಕೊಡವಿ ಎದ್ದು ನಿಂತು, "ಇದನ್ನ ಹಾಕಿಸಿದ್ರ ನಾ ಆ ಗಾಡಿ ಹತ್ತೂದಿಲ್ಲ. ಮುಗದಕ್ಕ ಬಸ್ಸಿಗೆ ಹೋಗತೇನಿ" ಅಂತ ತೀರ್ಪು ಕೊಟ್ಟ.

ಮೇಲೆ ನಕ್ಕೆ, ಆದರೆ ಆ ಬಸ್ಸಿನ ಮಾತು ನನಗೆ ಹಿಡಿಸಲಿಲ್ಲ. ವಾರವೆಲ್ಲ ಅಂಗಡಿ, ಗಿರಾಕಿ. ಅಪ್ಪ ನನಗೆ ಪೂರ್ತಿಯಾಗಿ ಸಿಗುವುದು ಸೋಮವಾರದ ಆ ದಾರಿಯಲ್ಲಿ ಮಾತ್ರ. ಅವನು ಬೈಯದ ದಾರಿಯಲ್ಲಿ ಗಾಡಿ ಓಡಿಸಿ ಏನು ಸುಖ? ಅವ್ವನ ಹತ್ತಿರ ಹೋಗಿ, ನೀನಾದರೂ ಒಂದು ಮಾತು ಹೇಳು ಅಂದೆ.

ಅವ್ವ ಬಳ್ಳೊಳ್ಳಿ ಸುಲಿಯುತ್ತ ಅಂದಳು: "ಲಗ್ನ ಆಗಿ ಇಷ್ಟು ವರ್ಷ ಆತು, ಈ ಮನಿ ಸ್ಟೀರಿಂಗ್ ನನಗ ಇನ್ನೂ ಎಟಕಿಲ್ಲ. ನಿಂದೇನ ತಗೊಂಡು ಕುಂತಿ?"

ಎರಡು ಹಣೆ

ಹಾಗಂತ ಅವ್ವ ಸುಮ್ಮನಿರಲಿಲ್ಲ. ಮನೆಗೆ ಹೊಸದೇನು ಬಂದರೂ ಪೂಜೆಯಾಗಬೇಕು. ಸ್ಟೀರಿಂಗನ್ನು ಮಣೆಯ ಮೇಲೆ ಮಲಗಿಸಿ ಹೂವೇರಿಸಿದಳು. ವಿಭೂತಿ ಹಚ್ಚಲು ಹಣೆ ಬೇಕಲ್ಲ, ಎಲ್ಲ ಕಡೆ ದುಂಡಗಿರುವ ಚಕ್ರದಲ್ಲಿ ಚಪ್ಪಟೆ ಜಾಗ ಒಂದೇ ಇತ್ತು. ಅಲ್ಲಿಗೇ ದಟ್ಟವಾಗಿ ಮೂರು ಬೆರಳು ಎಳೆದಳು.

ಗ್ಯಾರೇಜಿನ ಮಿಸ್ತ್ರಿ ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ ಇದ್ದವನು. ನಾನು ಚಹಾ ಕುಡಿದು ಬರುವಷ್ಟರಲ್ಲಿ ಸ್ಟೀರಿಂಗ್ ಕೂಡಿಸಿದ್ದ, ಚಪ್ಪಟೆ ಭಾಗ ಮೇಲಾಗಿ. ಹತ್ತಿ ಕೂತರೆ ದುಂಡು ಭಾಗ ಮೊದಲಿನಂತೆಯೇ ಹೊಟ್ಟೆಗೆ ಒತ್ತಿತು.

"ಉಲ್ಟಾ ಆಗೈತಲ್ರಿ!"

"ವಿಭೂತಿ ಮ್ಯಾಲ ಐತಲ್ರಿ. ಉಲ್ಟಾ ಹ್ಯಾಂಗ ಆಕ್ಕೈತಿ?"

"ಅದನ್ನ ಒರಸಿ ತಿರುವಿ ಹಾಕ್ರಿ."

"ನಾ ಒರಸಂಗಿಲ್ರಿ. ನೀವ ಒರಸ್ರಿ."

ಅವ್ವ ಹಚ್ಚಿದ್ದನ್ನು ಒರೆಸುವ ಧೈರ್ಯ ನನಗೂ ಇರಲಿಲ್ಲ. ಇಬ್ಬರೂ ಸ್ಟೀರಿಂಗ್ ನೋಡುತ್ತ ನಿಂತೆವು. ಕೊನೆಗೆ ಮಿಸ್ತ್ರಿ ಕೈ ತೊಳೆದು, ತನ್ನ ಗೂಡಿನಿಂದ ವಿಭೂತಿ ಗಟ್ಟಿ ತಂದು ಚಕ್ರದ ಇನ್ನೊಂದು ತುದಿಗೂ ಮೂರು ಬೆರಳು ಎಳೆದ. ಆಮೇಲೆ ನಟ್ಟು ಬಿಚ್ಚಿ, ತಿರುಗಿಸಿ ಕೂಡಿಸಿದ.

"ಈಗ ಹ್ಯಾಂಗ ಕೂಡಿಸಿದ್ರೂ ಒಂದು ಹಣಿ ಮ್ಯಾಲ ಇರತೈತ್ರಿ."

"ಮತ್ತ ಕೆಳಗಿನ ವಿಭೂತಿ ನನ್ನ ಹೊಟ್ಟಿಗೆ ಹತ್ತತೈತಲ್ಲ?"

"ಹತ್ತಲಿ ಬಿಡ್ರಿ. ಅದಕ್ಕೂ ದೇವರು ಬೇಕಲ್ಲ!"

ಓಣಿಯ ತಿರುವು

ಚಕ್ರ ಸಣ್ಣದಾದಷ್ಟೂ ತಿರುಗಿಸಲು ಬಲ ಹೆಚ್ಚು ಬೇಕು ಅನ್ನುವುದನ್ನು ನನಗೆ ಯಾರೂ ಹೇಳಿರಲಿಲ್ಲ. ನಮ್ಮ ಓಣಿಯ ತಿರುವಿನಲ್ಲಿ ಹಲ್ಲು ಕಚ್ಚಿ, ಸೀಟಿನಿಂದ ಅರ್ಧ ಎದ್ದು, ಮೈಯೆಲ್ಲ ಹಾಕಿ ಎಳೆಯುತ್ತಿದ್ದೆ. ಹಿಂದೆ ಸರಿಸಿ ಮತ್ತೆ ಎಳೆದೆ. ಅಂಗಿ ತೊಯ್ದು ಹೋಯಿತು. ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ನೆರೆಮನೆಯ ನಿವೃತ್ತ ಮಾಸ್ತರರು ಬಹಳ ಹೊತ್ತು ನೋಡಿ ಕೇಳಿದರು.

"ಜಿಮ್ಮಿಗೆ ಹೋಗಾಕತ್ತೀರೇನ್ರಿ?"

"ಇಲ್ರಿ ಸರ" ಅಂದೆ ಏದುಸಿರು ಬಿಡುತ್ತ. "ಮನಿಗೆ ಹೊಂಟೇನಿ."

ಸೋಮವಾರದ ಬಸ್ಸು

ಸೋಮವಾರ ಬಂತು. ಎಷ್ಟು ಕರೆದರೂ ಅಪ್ಪ ಜೀಪಿನ ಕಡೆ ತಿರುಗಿ ನೋಡಲಿಲ್ಲ. ಚೀಲ ಹಿಡಿದು ಹೋಗಿ ಮುಗದದ ಬಸ್ ಹತ್ತಿದ. ಮುಂದೆ ಜಾಗ ಇದ್ದರೂ ಹಿಂದಿನ ಸೀಟಿಗೇ ಹೋಗಿ ಕೂತ. ನಾನು ಜೀಪಿನಲ್ಲಿ ಬಸ್ಸಿನ ಬೆನ್ನು ಹತ್ತಿದೆ.

ಊರು ದಾಟುವವರೆಗೂ ಅವನು ಮುಖ ಆಚೆ ಮಾಡಿದ್ದ. ಆಮೇಲೆ ಮೆಲ್ಲಗೆ ಹಿಂದಿನ ಗಾಜಿನಲ್ಲಿ ನನ್ನನ್ನು ನೋಡಿದ. ಬಸ್ಸು ಒಂದು ತಗ್ಗಿಗೆ ಇಳಿದು ಕುಲುಕಿತು. ತಕ್ಷಣ ಅವನ ಕೈ ಮೇಲೆದ್ದು ಎಡಕ್ಕೆ ಸರಿ ಅಂದಿತು. ಸರಿದೆ, ತಗ್ಗು ತಪ್ಪಿತು. ಸ್ವಲ್ಪ ಮುಂದೆ ಅಂಗೈ ಕೆಳಗೆ ಮಾಡಿ ಸಾವಕಾಶ ಅಂದ. ಸಾವಕಾಶ ಮಾಡಿದೆ. ಜೀಪು ಹತ್ತುವುದಿಲ್ಲ ಅಂದಿದ್ದನೇ ಹೊರತು ಓಡಿಸುವುದಿಲ್ಲ ಅಂದಿರಲಿಲ್ಲವಲ್ಲ! ನನಗೆ ಎಷ್ಟು ಸಂತೋಷವಾಯಿತೆಂದರೆ, ನೆಟ್ಟಗಿನ ದಾರಿಯಲ್ಲೂ ಸುಮ್ಮನೆ ಅತ್ತಿತ್ತ ಹೊರಳಿಸಿ ಅವನ ಕೈಗೆ ಕೆಲಸ ಕೊಟ್ಟೆ.

ತೊಂದರೆಯಾದದ್ದು ಹಿಂದಿನ ಸೀಟಿನವರೆಲ್ಲ ಈ ಕೆಲಸಕ್ಕೆ ಇಳಿದಾಗ. ಕಾಯಿಪಲ್ಲೆ ಬುಟ್ಟಿಯ ಅಜ್ಜಿಯೊಬ್ಬಳು ಬಲಕ್ಕೆ ಅಂದಳು, ಪಕ್ಕದವನು ಎಡಕ್ಕೆ ಅಂದ, ಅಪ್ಪ ಇಬ್ಬರಿಗೂ ಬೈಯುತ್ತ ಎರಡೂ ಕೈ ಬೀಸಿದ. ಯಾರ ಮಾತು ಕೇಳಬೇಕೋ ತಿಳಿಯದೆ ನಾನು ಜೀಪನ್ನು ರಸ್ತೆಯ ಪಕ್ಕದ ಮೆತ್ತನೆ ಮಣ್ಣಿಗೆ ಇಳಿಸಿ ನಿಲ್ಲಿಸಿದೆ. ಎಲ್ಲರೂ ಕೂಗಿ ಬಸ್ಸೂ ನಿಂತಿತು. ಕಂಡಕ್ಟರ್ ಹಿಂದೆ ಬಂದು ಅಪ್ಪನಿಗೆ ಕೈಮುಗಿದ.

"ಅಜ್ಜಾರ, ನಮ್ಮ ಬಸ್ಸಿನ್ಯಾಗ ಕುಂತು ನಿಮ್ಮ ಗಾಡಿ ಹೊಡಿಯಾಕತ್ತೀರಿ. ಒಂದೋ ಆ ಗಾಡಿಗೂ ಟಿಕೀಟ್ ತಗೀರಿ, ಇಲ್ಲಾ ಇಳದು ಅದರಾಗ ಕುಂದರ್ರಿ."

ಅಪ್ಪ ಇಳಿದು ಬಂದು ಜೀಪಿನ ಪಕ್ಕ ನಿಂತ. "ಹತ್ತೂದಿಲ್ಲ ಅಂದೇನಿ. ಈಗ ಹತ್ತಿದ್ರ ನನ್ನ ಮಾತು ಏನಾಗಬೇಕು?"

ನಾನು ಸ್ಟೀರಿಂಗ್ ಎಳೆದೆ. ಮಣ್ಣಿನಲ್ಲಿ ಹೂತ ಗಾಲಿ ಹೊರಳಲಿಲ್ಲ. ಮತ್ತೆ ಎಳೆದೆ. ಅಪ್ಪನಿಗೆ ನೋಡಲಾಗಲಿಲ್ಲ.

"ಸರಿ ಆ ಕಡೆ. ಇದು ಹತ್ತಿದ್ದಲ್ಲ ಮತ್ತ, ಕೈ ಹಚ್ಚಾಕ ಬಂದೇನಿ ಅಷ್ಟ."

ಸಣ್ಣ ಸ್ಟೀರಿಂಗ್ ಎಟುಕಬೇಕಾದರೆ ಅವನು ಎಡಗಡೆ ಸೀಟಿನ ತೀರಾ ತುದಿಗೆ ಬಂದು ನನ್ನ ಭುಜಕ್ಕೆ ಭುಜ ಒತ್ತಬೇಕಾಯಿತು. ಇಬ್ಬರೂ ಕೂಡಿ ಎಳೆದೆವು. ಜೀಪು ರಸ್ತೆಗೆ ಏರಿತು, ಬಸ್ಸಿನವರು ಚಪ್ಪಾಳೆ ತಟ್ಟಿದರು. ಅಪ್ಪ ಹಿಂದೆ ಸರಿಯಲೂ ಇಲ್ಲ, ಕೈ ತೆಗೆಯಲೂ ಇಲ್ಲ. ಮುಗದದವರೆಗೆ ಹಾಗೆಯೇ ಹೋದೆವು. ಅವನು ದಾರಿಯುದ್ದಕ್ಕೂ ಬೈದ, ನಾನು ದಾರಿಯುದ್ದಕ್ಕೂ ನಕ್ಕೆ.

ಊರ ಬಾಗಿಲಲ್ಲಿ ಪಕ್ಕದ ಹೊಲದ ಕಾಕಾ ನಮ್ಮನ್ನು ನೋಡಿ ನಿಂತೇಬಿಟ್ಟ.

"ಇದೇನೋ ಅಣ್ಣಾ, ಕಣ್ಣು ಕಾಣಂಗಿಲ್ಲಂತ ನಿನ್ನ ಮಗ ಗಾಡಿ ಬಿಡಿಸಿದ್ದನಲ್ಲ?"

"ಗಾಡಿ ನಾನ ಹೊಡಿಯಾಕತ್ತೇನಿ" ಅಂದ ಅಪ್ಪ. "ಇವನ್ನ ಮುಂದ ನೋಡಾಕಂತ ಕುಂದರಿಸಿಕೊಂಡೇನಿ."