ಒಂಬತ್ತರ ಮೇಲೆ ಕೂತು ನೀರು ಕೇಳಿದವಳು

ಕಾಲು ಒಂದು ಕಡೆ ನಿಲ್ಲದ ಮನೆಯಲ್ಲಿ ನಗುವಂಥದ್ದು ಏನಾದರೂ ಒಂದು ನಡೆಯುತ್ತಲೇ ಇರುತ್ತದೆ. ನಮ್ಮದು ಅಂಥ ಮನೆ. ಮದುವೆಯಾಗಿ ಬಂದ ಮಾರನೇ ದಿನವೇ ಮಗ್ಗದ ಗುಂಡಿಯಲ್ಲಿ ಕಾಲಿಳಿಸಿದವಳು ನಾನು. ಮಗ್ಗ ಹೋಗಿ ಎಷ್ಟೋ ಕಾಲವಾಯಿತು, ಆದರೆ ಕಾಲಿಗೆ ಆ ಸುದ್ದಿ ಇನ್ನೂ ತಲುಪಿಲ್ಲ. ಕುರ್ಚಿಯಲ್ಲಿ ಕೂತರೂ ತುಳಿಯುತ್ತಲೇ ಇರುತ್ತದೆ. ಮೊಮ್ಮಗಳಿಗೆ ನನ್ನ ಕಾಲೇ ಬಂದಿದೆ. ಒಂದನೇ ಕ್ಲಾಸು. ಅನ್ನ ತಿನ್ನೋದೂ ಓಡಾಡಿಕೊಂಡೇ.

ಮಗ ಬೆಳಿಗ್ಗೆ ಕುರಿಚಿಯ ಫೌಂಡ್ರಿಗೆ ಹೋದರೆ ದೀಪ ಹಚ್ಚಿದ ಮೇಲೆ ಬರುವವನು. ಸೊಸೆ ಕೊಳ್ಳೇಗಾಲದ ಕಡೆಯವಳು, ಕನ್ನಡ ಓದಿ ಬರೆಯಬಲ್ಲವಳು. ತಮಿಳು ಸೀಮೆಯ ಈ ಸಿಂಗಾನಲ್ಲೂರಿನ ನಮ್ಮ ಬೀದಿಯಲ್ಲಿ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಕ್ಷರ ಅಂತ ಬಂದರೆ ನನಗೆ ಎರಡೂ ಒಂದೇ, ಎರಡೂ ಬರೋದಿಲ್ಲ. ಹಾಗಾಗಿ ಇದನ್ನು ಹೇಳುವವಳು ನಾನು, ಬರೆಯುವವಳು ಅವಳು. ಹೇಳಿದ್ದನ್ನು ಹೇಳಿದ ಹಾಗೇ ಬರೀಬೇಕು ಅಂತ ಕರಾರು ಮಾಡಿಸಿಕೊಂಡಿದ್ದೇನೆ.

೧. ತಪ್ಪು ಯಾರದು?

ಒಂದು ದಿನ ಶಾಲೆಯಿಂದ ಕರೆ ಬಂತು. ಅತ್ತೆ ಸೊಸೆ ಇಬ್ಬರೂ ಓಡಿದೆವು. ಟೀಚರಮ್ಮ ನೆಲದ ಮೇಲೆ ಎಳೆದಿದ್ದ ಒಂದು ಗೆರೆ ತೋರಿಸಿದರು. ಅದರ ಮೇಲೆ ಸೊನ್ನೆಯಿಂದ ಹತ್ತರ ತನಕ ಅಂಕಿ. ಕೂಡುವುದಾದರೆ ಮಗು ಮುಂದಕ್ಕೆ ಕುಪ್ಪಳಿಸಬೇಕು, ಕಳೆಯುವುದಾದರೆ ಹಿಂದಕ್ಕೆ.

"ಕೂಡೋದರಲ್ಲಿ ನಿಮ್ಮ ಹುಡುಗಿ ಜಿಂಕೆ. ಕಳಿ ಅಂದರೆ ಕಲ್ಲುಕಂಬ. ಒಂದು ಹೆಜ್ಜೆ ಹಿಂದಕ್ಕೆ ಇಡೋದಿಲ್ಲ" ಅಂದರು.

"ಯಾಕಮ್ಮಿಣಿ?" ಅಂತ ನಾನು ಕೇಳಿದೆ.

"ನಾನೇನು ತಪ್ಪು ಮಾಡಿದೆ ಹಿಂದಕ್ಕೆ ಹೋಗೋಕೆ?" ಅಂದಳು.

ಅದು ನನ್ನದೇ ಮಾತು. ನೇಯುವವರು ಮುಂದಕ್ಕೇ ಹೋಗಬೇಕು, ಎಳೆ ತಪ್ಪಿದಾಗ ಮಾತ್ರ ಹಿಂದಕ್ಕೆ ಬಿಚ್ಚಬೇಕು, ಹಿಂದಕ್ಕೆ ಹೋಗುವವನು ಎಲ್ಲೋ ತಪ್ಪಿದ್ದಾನೆ ಅಂತ ಲೆಕ್ಕ ಅಂತ ಹೂ ಕಟ್ಟುತ್ತಾ ಹೇಳಿದ್ದೆ. ಅದನ್ನು ಟೀಚರಮ್ಮನಿಗೆ ತಮಿಳಲ್ಲಿ ಬಿಡಿಸಿ ಹೇಳಿದೆ. ಅವರು ಪಾಪ, ಮಗುವಿನ ಗಲ್ಲ ಹಿಡಿದು, "ಇದು ಬರೀ ಲೆಕ್ಕ ಕಣಮ್ಮ. ಏಳರಲ್ಲಿ ಎರಡು ಕಳಿ ಅಂದರೆ ಯಾರದೂ ತಪ್ಪಿಲ್ಲ" ಅಂದರು.

ಇವಳು ಯೋಚನೆ ಮಾಡಿ, ಗುಟ್ಟು ಕೇಳುವವಳ ಹಾಗೆ ಹತ್ತಿರ ಹೋಗಿ, "ನಿಜ ಹೇಳಿ ಟೀಚರ್, ತಪ್ಪು ಏಳರದಾ, ಎರಡರದಾ?" ಅಂದಳು.

೨. ಐದರಲ್ಲಿ ಐದು ಹೋದರೆ

ಮನೆಗೆ ಬರುವ ದಾರಿಯಲ್ಲೇ ಸೊಸೆ ತೀರ್ಪು ಕೊಟ್ಟಳು. "ಶುಕ್ರವಾರ ಎಲ್ಲ ತಾಯಂದಿರ ಮುಂದೆ ಮಕ್ಕಳು ಕಳೆದು ತೋರಿಸಬೇಕಂತೆ. ಅವತ್ತು ಇವಳು ಏನಾದರೂ ಎಡವಟ್ಟು ಮಾಡಿದರೆ ಸೋಮವಾರದಿಂದ ಟ್ಯೂಶನ್. ಸಂಜೆ ಐದರಿಂದ ಏಳು."

ಐದರಿಂದ ಏಳು! ಮಿಕ್ಕ ಹೊತ್ತೆಲ್ಲ ಆ ಮಗು ಶಾಲೆಯದು, ಅಮ್ಮನದು, ಟೀವಿಯದು. ಅದೊಂದು ಹೊತ್ತು ಮಾತ್ರ ನನ್ನದು. ಕೆರೆ ಏರಿ ಮೇಲೆ ಇಬ್ಬರೂ ನಡೆಯಬೇಕು, ನೀರುಕೋಳಿ ಮುಳುಗಿದ್ದು ಎಲ್ಲಿ ಏಳುತ್ತೆ ಅಂತ ಪಂದ್ಯ ಕಟ್ಟಬೇಕು, ನಾನು ಒಂದು ಕತೆ ಹೇಳಬೇಕು, ಅವಳು ಅದನ್ನು ಕೆಡಿಸಬೇಕು. ಅದನ್ನೂ ಕಿತ್ತುಕೊಂಡರೆ ಈ ಕಾಲು ಎಲ್ಲಿಗೆ ಹೋಗಬೇಕು?

ಸರಿ, ನಾನೇ ಕಲಿಸುತ್ತೇನೆ ಅಂತ ಸೊಂಟ ಕಟ್ಟಿದೆ. ಗೆರೆ ಎಳೆಯೋಕೆ ನನಗೆ ಯಾರೂ ಹೇಳಿಕೊಡಬೇಕಿಲ್ಲ. ದಿನಾ ಬಾಗಿಲಿಗೆ ಕೋಲ, ಅದೇ ರಂಗೋಲಿ, ಹಾಕುವ ಕೈ. ಹೊಸ್ತಿಲಿಂದ ಶುರು ಮಾಡಿ ಒಳಗೆ ಟೀವಿ ತನಕ ಹಿಟ್ಟಿನಲ್ಲಿ ನೆಟ್ಟಗೆ ಎಳೆದೆ. ಅಂಕಿ ಬರೆದವಳು ಸೊಸೆ. ಸೊನ್ನೆ ಸರಿಯಾಗಿ ಹೊಸ್ತಿಲ ಮೇಲೆ ಬಂತು.

ಏಳರಲ್ಲಿ ಮೂರು ಕಳಿ ಅಂದೆವು. ಮುಂದಕ್ಕೆ ಏಳು ಕುಪ್ಪಳಿಸಿದಳು, ಅಳುಕುತ್ತಾ ಹಿಂದಕ್ಕೆ ಮೂರು ಬಂದಳು, ನಿಂತದ್ದು ಐದರ ಮೇಲೆ. ಆರರಲ್ಲಿ ಎರಡು ಅಂದರೂ ಐದರ ಮೇಲೇ ನಿಂತಳು. ಯಾವ ಲೆಕ್ಕ ಕೊಟ್ಟರೂ ಒಂದು ಜಾಸ್ತಿ. ನನಗೆ ಸಂತೋಷ, ಲಕ್ಷ್ಮಿ ಇರುವ ಮನೆ ಅಂದರೆ ಹೀಗಿರಬೇಕು ಅಂದೆ. ಸೊಸೆ ಬಗ್ಗಿ ನೋಡಿ ಕಂಡುಹಿಡಿದಳು. ಮಗು ಸೊನ್ನೆ ಮೇಲೆ ನಿಲ್ಲುತ್ತಲೇ ಇರಲಿಲ್ಲ, ಒಂದರಿಂದ ಹೊರಡುತ್ತಿತ್ತು.

"ಸೊನ್ನೆ ಮೇಲೆ ನಿಂತ್ಕೊಳೇ!"

"ಹೊಸ್ತಿಲು ತುಳೀಬಾರದು. ಅಜ್ಜಿ ಹೊಡೀತಾಳೆ."

"ಅಜ್ಜಿ ಹೊಡೆಯಲ್ಲ. ಈಗ ಐದರಲ್ಲಿ ಐದು ಕಳಿ. ಸೊನ್ನೆಗೆ ಬಾ, ನೋಡೋಣ."

ಹಿಂದಕ್ಕೆ ಬಂದಳು, ಒಂದರ ಮೇಲೆ ನಿಂತಳು. ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಕಣ್ಣು ಮುಚ್ಚಿ ಒಂದೇ ನೆಗೆತ. ಹೊಸ್ತಿಲು ತುಳಿಯದೆ ಜಗುಲಿ ಆಚೆ ಬಿದ್ದಳು.

ಆ ಹೊತ್ತಿಗೆ ಹಾಲು ತರುತ್ತಿದ್ದ ಎದುರುಮನೆಯಾಕೆ ಗಾಬರಿಯಾಗಿ, "ಅಯ್ಯೋ, ಮಗೂನ ಯಾಕೆ ಬೀದಿಗೆ ತಳ್ಳಿದಿರಿ?" ಅಂದಳು.

ಮಗು ಮಂಡಿ ಒರೆಸಿಕೊಳ್ಳುತ್ತಾ ಉತ್ತರ ಕೊಟ್ಟಿತು. "ಐದರಲ್ಲಿ ಐದು ಹೋದರೆ ಬೀದಿ, ಅತ್ತೆ."

೩. ಕಂಡಕ್ಟರಿಗೂ ಒಂದು ಪಾಠ

ಮನೆಯೊಳಗೆ ಆಗಲಿಲ್ಲ, ಹೊರಗೆ ಆಗಲಿ ಅಂತ ಮಾರನೇ ದಿನ ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದೆ. ಟೌನ್ ಬಸ್ಸಲ್ಲಿ ಹೆಂಗಸರಿಗೆ ಫ್ರೀ. ನನ್ನಂಥ ನಿಲ್ಲದ ಕಾಲಿನವರಿಗೆ ಇದಕ್ಕಿಂತ ವರ ಬೇಕಾ? ಬಸ್ ಸ್ಟ್ಯಾಂಡು ಸೊನ್ನೆ, ಆಮೇಲೆ ಒಂದೊಂದು ಸ್ಟಾಪಿಗೆ ಒಂದೊಂದು ಅಂಕಿ ಅಂತ ಮಾಡಿದೆವು. ಆರನೇ ಸ್ಟಾಪಲ್ಲಿ ಇಳಿದು, ರಸ್ತೆ ದಾಟಿ, ಎದುರಿನ ಬಸ್ ಹತ್ತಿ ಎರಡು ಸ್ಟಾಪು ಹಿಂದಕ್ಕೆ ಬಂದೆವು. "ಈಗ ಎಷ್ಟನೇದು?" ಅಂದರೆ ಥಟ್ಟನೆ "ನಾಲ್ಕು" ಅಂದಳು. ಬಸ್ಸು ಹಿಂದಕ್ಕೆ ಬಂದರೆ ತಪ್ಪು ಬಸ್ಸಿನದು ತಾನೇ, ಅವಳಿಗೇನು!

ಹೀಗೇ ಮೇಲೆ ಕೆಳಗೆ ಆಡುತ್ತಾ ಇದ್ದಾಗ ಮೊದಲು ಹತ್ತಿದ ಬಸ್ಸೇ ತಿರುಗಿ ಬಂತು. ಅದೇ ಕಂಡಕ್ಟರು.

"ಏನುಂಗ ಪಾಟಿ, ಏನಜ್ಜಿ ಇದು, ಫ್ರೀ ಅಂದರೆ ಹೀಗೆ ಸುತ್ತೋದಾ? ಎಲ್ಲಿ ಇಳೀತೀರಿ?"

"ಎಂಟರಲ್ಲಿ ಮೂರು ಕಳೆದ ಮೇಲೆ, ಅಣ್ಣಾ" ಅಂದಳು ಮೊಮ್ಮಗಳು.

ಆ ಪುಣ್ಯಾತ್ಮನಿಗೆ ಅದು ಏನು ಅಂತ ತಿಳಿಯುವ ಆಸೆಯಾಯಿತು. ಬೆರಳು ಮಡಿಸಿ ಕೇಳುತ್ತಾ ನಿಂತ. ಸೀಟಿ ಊದುವುದನ್ನೇ ಮರೆತ. ಮುಂದೆ ಕೂತಿದ್ದ ದೊಡ್ಡ ಮನುಷ್ಯರೊಬ್ಬರು ಎದ್ದು ಕೂಗಿದರು. "ಏನಯ್ಯಾ, ನನ್ನ ಸ್ಟಾಪೆಲ್ಲಿ?"

"ಅದು... ಎರಡು ಹಿಂದೆ ಹೋಯ್ತು ಸಾರ್."

ಇವಳು ಅವರ ಕೈ ಹಿಡಿದು ಸಮಾಧಾನ ಮಾಡಿದಳು. "ಬೇಜಾರು ಮಾಡ್ಕೋಬೇಡಿ ಮಾಮಾ. ಎದುರಿನ ಬಸ್ ಹತ್ತಿ ಎರಡು ಕಳೀರಿ. ನಾವೂ ಬರ್ತೀವಿ, ನಮಗಿನ್ನೂ ಒಂದು ಲೆಕ್ಕ ಬಾಕಿ ಇದೆ."

೪. ಶುಕ್ರವಾರ

ಗುರುವಾರದ ಹೊತ್ತಿಗೆ ಎಲ್ಲ ಸರಿಹೋಗಿತ್ತು. ಸೊಸೆ ಸೊನ್ನೆಯನ್ನು ಹೊಸ್ತಿಲಿಂದ ಒಂದು ಗೇಣು ಒಳಗೆ ತಂದಳು. ಮಗು ಹಿಂದಕ್ಕೂ ಮುಂದಕ್ಕೂ ಲಾಳಿಯ ಹಾಗೆ ಓಡಿತು. ಆ ಸಂಜೆ ನಾನು ಸುಮ್ಮನೆ ಇದ್ದಿದ್ದರೆ ಆಗುತ್ತಿತ್ತು. ಇರುತ್ತೇನಾ? ನಾಳೆ ಎಲ್ಲ ನೆಟ್ಟಗಾಗಲಿ ಅಂತ ಚೌಡಮ್ಮನ ಗುಡಿಗೆ ಹೊರಟೆ. ಬೀದಿ ತಿರುವಿನಲ್ಲಿ ಎಣ್ಣೆ ಬಟ್ಟಲು ಮರೆತದ್ದು ನೆನಪಾಯಿತು. ತಿರುಗಿ ಬಂದೆ, ಜಗುಲಿ ಮೇಲೆ ಕೂತೆ, ಒಂದು ಲೋಟ ನೀರು ಕುಡಿದೆ, ಆಮೇಲೆ ಮತ್ತೆ ಹೊರಟೆ.

"ಯಾಕಜ್ಜಿ ಕೂತೆ?"

"ಹೊರಟವರು ಅರ್ಧದಲ್ಲಿ ತಿರುಗಿದರೆ ಹೋದ ಕೆಲಸ ಕೆಡುತ್ತೆ, ಮಗಾ. ಕೂತು ನೀರು ಕುಡಿದು ಎದ್ದರೆ ಅದು ಹೊಸ ಪ್ರಯಾಣ. ದೋಷ ಇಲ್ಲ."

ಹೇಳಿದೆ, ಮರೆತೆ. ಅವಳು ಮರೆಯಲಿಲ್ಲ.

ಶುಕ್ರವಾರ ಕ್ಲಾಸಿನ ತುಂಬ ತಾಯಂದಿರು. ಇವಳದೇ ಮೊದಲ ಸರದಿ. "ಒಂಬತ್ತರಲ್ಲಿ ನಾಲ್ಕು" ಅಂದರು ಟೀಚರಮ್ಮ. ಸೊನ್ನೆಯಿಂದ ಚಿಮ್ಮಿ ಒಂಬತ್ತಕ್ಕೆ ಹೋದಳು. ತಿರುಗಿದಳು. ಅಲ್ಲೇ ಒಂಬತ್ತರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು.

"ತಣ್ಣಿ ಕುಡುಂಗ ಟೀಚರ್."

ನೀರು ಕೇಳಿದ ಮಗುವಿಗೆ ತಲೆ ಸುತ್ತಿತು ಅಂತ ಎಲ್ಲರೂ ಎದ್ದರು. ಒಬ್ಬಳು ನೀರಿನ ಬಾಟಲಿ ಕೊಟ್ಟಳು, ಒಬ್ಬಳು ಸೆರಗಿನಲ್ಲಿ ಗಾಳಿ ಹಾಕಿದಳು. ಸೊಸೆ ತಿರುಗಿ ನನ್ನನ್ನು ನೋಡಿದಳು. ನಾನು ಫ್ಯಾನು ನೋಡಿದೆ. ಮಗು ನಿಧಾನವಾಗಿ ಕುಡಿದು, ಬಾಯಿ ಒರೆಸಿಕೊಂಡು ಎದ್ದು, ನಾಲ್ಕು ಹೆಜ್ಜೆ ಬಂದು ಐದರ ಮೇಲೆ ನಿಂತು "ಐದು!" ಅಂದಿತು. ಲೆಕ್ಕ ಸರಿ!

ಮುಂದಿನ ಹುಡುಗ ಎಂಟಕ್ಕೆ ಹೋದ. ತಿರುಗಿದ. ಕೂತ.

"ನಿನಗೇನಾಯ್ತೋ?"

"ನೀರು ಟೀಚರ್. ಕುಡಿಯದೆ ವಾಪಸ್ ಬಂದರೆ ಲೆಕ್ಕ ಕೆಡುತ್ತಂತೆ."

ಆಮೇಲೆ ತಡೆಯುವವರು ಯಾರು? ಎಲ್ಲ ಮಕ್ಕಳೂ ಕೂತರು, ಎಲ್ಲರೂ ಕುಡಿದರು, ಎಲ್ಲರ ಲೆಕ್ಕವೂ ಸರಿ ಬಂತು. ಕೊನೇ ಮಗುವಿಗೆ ಚಪ್ಪಾಳೆ ತಟ್ಟೋಣ ಅಂತ ಟೀಚರಮ್ಮ ತಿರುಗಿ ನೋಡಿದರೆ ಕ್ಲಾಸಿನಲ್ಲಿ ಒಂದು ಮಗುವೂ ಇಲ್ಲ. ಕುಡಿದ ನೀರು ಬಿಡಬೇಕಲ್ಲ, ಎಲ್ಲ ಕಕ್ಕಸಿನ ಮುಂದೆ ಸಾಲುಗಟ್ಟಿ ಕುಣಿಯುತ್ತಿದ್ದವು.

೫. ಹೊರಟವಳು ತಿರುಗಿದ್ದು

ಮನೆಗೆ ಬರುವ ತನಕ ಸೊಸೆ ಮಾತಾಡಲಿಲ್ಲ. ಬಂದ ಮೇಲೆ ನಿಲ್ಲಿಸಲಿಲ್ಲ.

"ಎಲ್ಲರ ಮುಂದೆ ಮಾನ ಹೋಯ್ತು! ಇನ್ನು ನಿಮ್ಮ ಪಾಠ ಸಾಕು ಅತ್ತೆ. ಈಗಲೇ ಹೋಗಿ ಟ್ಯೂಶನ್ನಿಗೆ ಹೇಳಿ ಬರ್ತೀನಿ."

"ಲೆಕ್ಕ ಸರಿ ಮಾಡಿದಳಲ್ಲೇ ತಾಯಿ!"

"ಕೂತ್ಕೊಂಡು ಮಾಡಿದಳು!"

ನಾನು ಅಡುಗೆಮನೆಗೆ ಹೋದೆ, ಹಿತ್ತಿಲಿಗೆ ಹೋದೆ, ಮತ್ತೆ ನಡುಮನೆಗೆ ಬಂದೆ. ಕಾಲು ನಿಲ್ಲದು. ಅವಳು ತಲೆ ಬಾಚಿ, ಬ್ಯಾಗು ಹೆಗಲಿಗೆ ಹಾಕಿಕೊಂಡು ಬೀದಿಯಲ್ಲಿ ನಿಲ್ಲಿಸಿದ್ದ ಸ್ಕೂಟರ್ ತನಕ ಬಿರಬಿರನೆ ಹೋದಳು. ಅದರ ಪಕ್ಕ ನಿಂತು ಬ್ಯಾಗಿಗೆ ಕೈ ಹಾಕಿದಳು, ಕೆದಕಿದಳು, ಕೊಡವಿದಳು. ಕೀ ಇಲ್ಲ. ಹಲ್ಲು ಕಚ್ಚಿಕೊಂಡು ಹಿಂದಕ್ಕೆ ಬಂದಳು.

ಬಾಗಿಲಲ್ಲಿ ಮಗು ಎರಡೂ ಕೈ ಅಗಲಿಸಿ ನಿಂತಿತ್ತು. "ಅಮ್ಮ ತಿರುಗಿ ಬಂದಳು! ಕೂತ್ಕೋ!"

"ಆಚೆ ಹೋಗೇ, ಕೀ ಹುಡುಕಬೇಕು."

"ಕೂತು ನೀರು ಕುಡಿಯದೆ ಬಿಡಲ್ಲ."

ಕೊಳ್ಳೇಗಾಲದಲ್ಲೂ ಈ ಶಾಸ್ತ್ರ ಉಂಟು. ಅವಳ ತಾಯಿಯೂ ಹೀಗೇ ಕೂರುವವಳು. ಸೊಸೆ ಜಗುಲಿ ಮೇಲೆ ಕುಸಿದು ಕೂತಳು. ಮಗು ಲೋಟ ತುಂಬಿ ತಂದಿತು. ಅವಳು ಕುಡಿಯುತ್ತಿದ್ದರೆ ಇದು ಎದುರಿಗೆ ನಿಂತು ಟೀಚರಮ್ಮನ ದನಿಯಲ್ಲಿ ಶುರು ಮಾಡಿತು.

"ಅಮ್ಮಾ, ನೀನು ಸ್ಕೂಟರಿಗೆ ಹತ್ತು ಹೆಜ್ಜೆ ಹೋದೆ. ನಾನು ಎಣಿಸಿದೆ. ಹತ್ತು ಹೆಜ್ಜೆ ಹಿಂದಕ್ಕೆ ಬಂದೆ. ಹತ್ತರಲ್ಲಿ ಹತ್ತು ಹೋಯ್ತು. ಈಗ ನೀನು ಸೊನ್ನೆ!"

ಕುಡಿಯುತ್ತಿದ್ದ ನೀರು ಸೊಸೆಯ ಮೂಗಿನಲ್ಲಿ ಬಂತು. ಕೆಮ್ಮಿದಳು, ಕಣ್ಣು ಒರೆಸಿದಳು, ಆಮೇಲೆ ನಗು ಹತ್ತಿತು ನೋಡಿ, ಕಂಬ ಹಿಡಿದುಕೊಂಡು ನಕ್ಕಳು. "ಮೊನ್ನೆ ಐದರಲ್ಲಿ ಐದು ಕಳಿ ಅಂದರೆ ಬೀದಿಗೆ ಬಿದ್ದವಳು ಇವಳೇನಾ ಅತ್ತೆ? ಹೋಗಲಿ, ಯಾವ ಟ್ಯೂಶನ್ನೂ ಬೇಡ" ಅಂದಳು. ಗಡಿಯಾರ ಐದು ಹೊಡೆಯುವ ಮೊದಲೇ ನಾವಿಬ್ಬರೂ ಕೆರೆ ಏರಿ ಮೇಲಿದ್ದೆವು.

ಕೀ ಆಮೇಲೆ ಸಾಸಿವೆ ಡಬ್ಬದ ಪಕ್ಕ ಸಿಕ್ಕಿತು. ಅಲ್ಲಿಗೆ ಹೇಗೆ ಹೋಯಿತು ಅಂತ ಮಗ ಕೇಳಿದ, ಸೊಸೆ ಕೇಳಿದಳು, ನಾನೂ ಎಲ್ಲರ ಜೊತೆ ಸೇರಿ ಆಶ್ಚರ್ಯಪಟ್ಟೆ. ಅದಕ್ಕೆ ಮೊದಲು ಎಲ್ಲಿತ್ತು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಸೊಂಟದಲ್ಲಿ ಸಿಕ್ಕಿಸಿಕೊಂಡ ನನ್ನ ಎಲೆಯಡಿಕೆ ಚೀಲ ಬಿಚ್ಚಿ ತೋರಿಸಬೇಕಾಗುತ್ತಿತ್ತು.

ಇಲ್ಲಿಯ ತನಕ ಚಕಾರ ಎತ್ತದೆ ಬರೆದ ಸೊಸೆ ಈಗ ಪೆನ್ನು ಮೇಲೆತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ. ಎದ್ದಳು. ಬುಸುಗುಟ್ಟಿಕೊಂಡು ಬಾಗಿಲ ತನಕ ಹೋದಳು. ಏನೋ ಅನ್ನಬೇಕು ಅಂತ ಸರ್ರನೆ ತಿರುಗಿದಳು.

"ಕೂತ್ಕೋ ತಾಯಿ" ಅಂದೆ. "ಮೊದಲು ನೀರು ಕುಡಿ."