ಸ್ಟಾಫ್ ರೂಮಿನ ಎದುರಿನ ಕಾಯಿ

ತೊಂಬತ್ತೆಂಟನೇ ಇಸವಿಯ ಕಿರುಪರೀಕ್ಷೆಯಲ್ಲಿ ನಲವತ್ತು ಮಕ್ಕಳೂ ಪೆಂಡುಲಂ ಸೂತ್ರವನ್ನು ಒಂದಕ್ಷರ ತಪ್ಪದೆ ಬರೆದಿದ್ದರು. ಪೆಂಡುಲಂ ನೋಡಿದ್ದೀರಾ ಅಂದರೆ ಒಬ್ಬರೂ ಕೈ ಎತ್ತಲಿಲ್ಲ. ಅರಸೀಕೆರೆಯ ಆ ಕಾಲೇಜಿಗೆ ಹೊಸದಾಗಿ ಸೇರಿದ್ದ ಭೌತಶಾಸ್ತ್ರದ ಮೇಷ್ಟ್ರು ಪುಟ್ಟರಾಜುವಿಗೆ ಅದೇ ಕೊರಗಾಯಿತು. ನೋಟ್ಸ್ ಬರೆಸುವುದು ಬಿಟ್ಟು ಒಂದು ದಿನವಾದರೂ ಕಣ್ಣಿಗೆ ಕಾಣುವಂಥ ಪಾಠ ಮಾಡಬೇಕೆಂದು ಅವನ ಜೀವ ಒದ್ದಾಡುತ್ತಿತ್ತು.

ಲ್ಯಾಬಿನ ಬೀರುವಿನ ಕೀಲಿ ವಿಭಾಗದ ಮುಖ್ಯಸ್ಥೆ ಕಮಲಾಕ್ಷಮ್ಮನವರ ಬ್ಯಾಗಿನಲ್ಲಿತ್ತು.

"ಪೆಂಡುಲಂ ಗುಂಡು ಕಳೆದ್ರೆ ಯಾರ್ರೀ ಜವಾಬ್ದಾರಿ? ಹದಿನೆಂಟು ವರ್ಷದಿಂದ ನಾನೇ ಹೊರಗೆ ತೆಗೆದಿಲ್ಲ," ಅಂದರು ಅವರು.

ಗುಂಡಿಲ್ಲದಿದ್ದರೇನು, ಈ ಊರಲ್ಲಿ ತೆಂಗಿನಕಾಯಿಗೆ ಬರವೇ? ಪುಟ್ಟರಾಜು ಒಂದು ಕಾಯಿ ತಂದ. ಹಗ್ಗ ಜಾರುತ್ತಿದ್ದುದರಿಂದ, ಉತ್ತರಪತ್ರಿಕೆ ಕಟ್ಟುವ ಕೆಂಪು ಬಟ್ಟೆಯಲ್ಲಿ ಅದನ್ನು ಸುತ್ತಿ, ಸ್ಟಾಫ್ ರೂಮಿನ ಎದುರಿನ ಹೊಂಗೆ ಮರಕ್ಕೆ ನೇತುಹಾಕಿ, ಮಕ್ಕಳನ್ನು ಕರೆಯಲು ಹೋದ.

ಅಷ್ಟರಲ್ಲಿ ಅಟೆಂಡರ್ ಗಿಡ್ಡಪ್ಪ ಅದನ್ನು ಕಂಡು ಸ್ಟಾಫ್ ರೂಮಿಗೆ ಓಡಿಬಂದಿದ್ದ.

"ಯಾರೋ ಮಾಟ ಮಾಡ್ಸವ್ರೆ ಕಣ್ರವ್ವ. ಕಾಯಿ, ಕೆಂಪು ಬಟ್ಟೆ, ಅದೂ ಅಮಾಸೆ ಮಾರ್ನೆ ದಿನ."

ಕಮಲಾಕ್ಷಮ್ಮನವರ ಕೈಯ ಕಾಫಿ ಕೈಯಲ್ಲೇ ಉಳಿಯಿತು. ಮಕ್ಕಳೊಂದಿಗೆ ಹಿಂದಿರುಗಿದ ಪುಟ್ಟರಾಜು ಗಾಬರಿಯಿಂದ, "ಮೇಡಂ, ಅದು ಪೆಂಡುಲಂ. ನಾನೇ ಕಟ್ಟಿದ್ದು," ಅಂದ.

"ನೀವೇ ಕಟ್ಟಿದ್ದಾ? ಯಾರ ಮೇಲ್ರೀ?"

ಅವನ ಬೆನ್ನ ಹಿಂದೆ ಆಡಿಕೊಂಡಿದ್ದ ಮೇಷ್ಟ್ರುಗಳೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎರಡೇ ನಿಮಿಷದಲ್ಲಿ ಸ್ಟಾಫ್ ರೂಮು ಖಾಲಿ. ಪೀರಿಯಡ್ ಇಲ್ಲದವರೂ ಯಾವುದೋ ತರಗತಿಗೆ ನುಗ್ಗಿ ಪಾಠ ಶುರುಮಾಡಿದರು.

ಪ್ರಿನ್ಸಿಪಾಲ್ ರಾಜಶೇಖರ್ ಬಂದಾಗ ಪುಟ್ಟರಾಜು ಹಗ್ಗ ಬಿಚ್ಚಲು ಕೈಹಾಕಿದ. ಅವರೋ ಕಾಯಿಯನ್ನು ಮೆಲ್ಲಗೆ ತೂಗಿಬಿಟ್ಟು, ಗಡಿಯಾರ ನೋಡುತ್ತ ಎಣಿಸಿದರು. ಹಗ್ಗ ಗಿಡ್ಡ ಮಾಡಿಸಿ ಮತ್ತೆ ಎಣಿಸಿದರು.

"ಬೇಗ ಬೇಗ ಬರ್ತದಲ್ರೀ. ನಮಗ್ಯಾರೂ ಹೀಗೆ ಹೇಳ್ಕೊಡಲಿಲ್ಲ ನೋಡಿ. ಇದನ್ನ ಬಿಚ್ಚಬೇಡಿ, ಇಲ್ಲೇ ಇರ್ಲಿ."

ಪುಟ್ಟರಾಜು ಹಿಗ್ಗಿಹೋದ.

ಪ್ರಿನ್ಸಿಪಾಲರು ಖಾಲಿ ಸ್ಟಾಫ್ ರೂಮನ್ನೇ ನೋಡುತ್ತ ದನಿ ತಗ್ಗಿಸಿದರು. "ಎಲ್ಲರೂ ಒಟ್ಟಿಗೆ ಪಾಠ ಮಾಡೋದನ್ನ ನನ್ನ ಸರ್ವೀಸಲ್ಲೇ ನೋಡಿರ್ಲಿಲ್ಲ. ಆದ್ರೆ ಇನ್ಮೇಲೆ ಇದನ್ನ ಯಾರೂ ಮುಟ್ಟೋ ಹಾಗಿಲ್ಲ, ನೀವೂ ಅಷ್ಟೇ. ಬರೀ ಪಾಠದ್ದು ಅಂತ ನಂಬಿಬಿಟ್ರೆ ಮತ್ತೆ ಬಂದು ಕೂತ್ಕೋತಾರೆ. ನೀವು ಒಳಗೆ ನಡೀರಿ, ನೋಟ್ಸ್ ಬರೆಸಿ."

ಪುಟ್ಟರಾಜು ಮಕ್ಕಳನ್ನು ಕರೆದುಕೊಂಡು ತರಗತಿಗೆ ಹೋಗಿ ಬರೆಸತೊಡಗಿದ. ಕಿಟಕಿಯಾಚೆ ಗಿಡ್ಡಪ್ಪ ಕಾಯಿಗೆ ಕುಂಕುಮವಿಟ್ಟು ಕೈಮುಗಿಯುತ್ತಿದ್ದ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಹಿಂದಿನ ಬೆಂಚಿನ ಸಿರಿ ಎಂಬ ಹುಡುಗಿ ಎದ್ದು ನಿಂತಳು.

"ಸಾರ್, ಹಗ್ಗ ಗಿಡ್ಡ ಆದ್ರೆ ಅದು ಯಾಕೆ ಬೇಗ ಬರ್ತದೆ?"

ಆ ವರ್ಷ ಅವನ ತರಗತಿಯಲ್ಲಿ ಹುಟ್ಟಿದ ಮೊದಲ ಪ್ರಶ್ನೆ ಅದು. ಪುಟ್ಟರಾಜು ನೋಟ್ಸ್ ಪುಸ್ತಕ ಮುಚ್ಚಿ ತಲೆಯೆತ್ತಿದ. ಬಾಗಿಲಲ್ಲಿ ಪ್ರಿನ್ಸಿಪಾಲರು ನಿಂತಿದ್ದರು.

"ಮೊದ್ಲು ಬರ್ಕೊಳ್ಳಮ್ಮ," ಅಂದ.